ಹೆಡ್‌ಫೋನಿನ ಬೇಸ್, ಬೇಸ್ ಐತೇನು?

ಈ ಸಲದ ಗೋಡೆ ಪತ್ರಿಕೆಗೆ ‘ನನ್ನ ಮೆಚ್ಚಿನ ಹಬ್ಬ’ ಎಂದು ಬರೆದುಕೊಡು ಅಂತ ಸಂಪಾದಕ ಮಂಡಳಿಯವರು ಕೇಳಿದ್ದರು. ಹಬ್ಬದ ಮೇಲೆ ಹೋದ ಸಲವೇ ಮೂವರು ಬರೆದಿದ್ದಾರೆ. ನಾನು ಹೆಡ್‌ಫೋನಿನ ಬಗ್ಗೆ ಬರೆಯುತ್ತೇನೆ ಎಂದೆ. ನಗಬೇಡಿರಿ. ನಮ್ಮ ತರಗತಿಯಲ್ಲಿ ಈ ವರ್ಷ ಏಳೆಂಟು ಮಂದಿ ಇಯರ್‌ಫೋನು, ಹೆಡ್‌ಫೋನು ಕೊಂಡಿದ್ದಾರೆ. ಎಲ್ಲರೂ ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಬೇಸ್ ಹೆಂಗೈತ್ರಿ?” ಅಂಗಡಿಯವರ ಉತ್ತರವೂ ಒಂದೇ: “ಭಾರೀ ಐತಿ.” ಆ ಭಾರೀ ಎನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ ಎಂದು ಈ ಲೇಖನ.

ಮೊದಲು ಶಬ್ದಾರ್ಥ. ನಮ್ಮ ಆಯಿ ಕೊಪ್ಪಳ ಕಡೆಯ ಊರಾಕಿ. ಆ ಕಡೆ ಬೇಸ್ ಅಂದರೆ ಚಲೋ ಎಂದು ಅರ್ಥ. ನಾನು ಹೆಡ್‌ಫೋನು ಮನೆಗೆ ತಂದ ದಿನ ಅಣ್ಣ “ಬೇಸ್ ಐತೇನು?” ಎಂದು ಕೇಳಿದರೆ ಆಯಿ ಅಡಿಗೆಮನೆಯಿಂದಲೇ “ಬೇಸ್ ಇರದಿದ್ರ ಯಾಕ ತರತಿದ್ಲೋ?” ಅಂದಳು. ನಾನು ಇಲ್ಲಿ ಹೇಳುವುದು ಇಂಗ್ಲಿಷಿನ ಬೇಸ್, ಅಂದರೆ ಸಂಗೀತದ ಕೆಳಗಿನ ದನಿ, ಮಂದ್ರ. ಆದರೆ ಅದು ಆಯಿಯ ಬೇಸ್ ಕೂಡ ಆಗಿರಬೇಕು. ಆ ಎರಡೂ ಒಂದೇ ಪೆಟ್ಟಿಗೆಯಲ್ಲಿ ಸಿಗುವುದು ಅಷ್ಟು ಸುಲಭವಲ್ಲ ನೋಡ್ರಿ.

ಇನ್ನೊಂದು ಪ್ರಶ್ನೆ ಗುರುಗಳು ಕೇಳಿಯೇ ಕೇಳುತ್ತಾರೆ. ಗಂಗೂಬಾಯಿ ಹಾನಗಲ್ಲರು ಬಾಳಿದ ಊರಿದು. ಅವರ ಗುರು ಸವಾಯಿ ಗಂಧರ್ವರ ಕುಂದಗೋಳ ಇಲ್ಲೇ ಪಕ್ಕದಲ್ಲಿದೆ. ಗೋಪನಕೊಪ್ಪದಾಗ ಕುಂತು ರಾಕ್ ಸಂಗೀತ ಯಾಕ ಬೇಕವಾ ಎಂದು. ಅದಕ್ಕೆ ನನ್ನ ಉತ್ತರ: ರಾಕ್ ನನಗೆ ಪರದೇಶದಿಂದ ಬರಲಿಲ್ಲ, ಶಿಶುನಾಳದಿಂದ ಬಂತು. ಶರೀಫಜ್ಜನ ಪದಗಳನ್ನು ನಮ್ಮ ಮನೆಯಲ್ಲಿ ಭಜನೆಯಲ್ಲಿ ಹಾಡುತ್ತಾರೆ. 1990ರಲ್ಲಿ ಬಂದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಿ. ಅಶ್ವತ್ಥ ಅವರು ಸಂಗೀತ ಕೊಟ್ಟ ಮೇಲೆ ಆ ಪದಗಳು ಕರ್ನಾಟಕದ ಮನೆಮನೆಗೂ ಹೋದವು. ಆಮೇಲೆ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರು 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ‘ಗುಡುಗುಡಿಯ ಸೇದಿ ನೋಡೋ’ ಪದವನ್ನು ಗಿಟಾರು, ಡ್ರಮ್ಮು, ಪಿಟೀಲು ಹಚ್ಚಿ ರಾಕ್ ಮಾಡಿ ಹಾಡಿದರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಅಜ್ಜನ ಮಾತು, ನಮ್ಮ ಕಾಲದ ಗಿಟಾರು. ನಾನು ಕೇಳಿದ ಮೊದಲ ರಾಕ್ ಹಾಡು ಅದೇ. ಅಲ್ಲಿಂದ ಮುಂದೆ ಪಿಂಕ್ ಫ್ಲಾಯ್ಡ್, ಕ್ವೀನ್ ಅಂತ ಒಂದೊಂದೇ ಮನೆ ದಾಟುತ್ತ ಹೋದೆ.

ನಾಲ್ಕು ವರ್ಷ ಈ ಹಾಡನ್ನು ಅವ್ವನ ಮೊಬೈಲಿನ ಸ್ಪೀಕರಿನಲ್ಲೇ ಕೇಳಿದ್ದೆ. ಹೋದ ದೀಪಾವಳಿಗೆ ಧಾರವಾಡದ ಮಾಮಾನ ಮನೆಗೆ ಹೋದಾಗ ಅವನ ಹಳೆಯ ದೊಡ್ಡ ಹೆಡ್‌ಫೋನು ತಲೆಗೆ ಹಾಕಿಕೊಂಡು ಅದೇ ಹಾಡು ಹಚ್ಚಿದೆ. ಹಾಡಿನ ಕೆಳಗೆ ಯಾರೋ ಒಬ್ಬರು ಮೊದಲಿನಿಂದ ಕೊನೆಯವರೆಗೆ ಏನೋ ಬಾರಿಸುತ್ತಲೇ ಇದ್ದಾರೆ! ಅದು ಡ್ರಮ್ಮಲ್ಲ, ಮಾಮೂಲಿ ಗಿಟಾರೂ ಅಲ್ಲ. ಮಾಮಾನನ್ನು ಕೇಳಿದರೆ “ಅದು ಬೇಸ್ ಗಿಟಾರ್ ಬೇ, ಅದಿಲ್ಲಂದ್ರ ರಾಕ್ ನಿಂದರೂದಿಲ್ಲ” ಅಂದ. ರಘು ದೀಕ್ಷಿತರ ಆ ತಂಡದಲ್ಲಿ ಬೇಸ್ ಗಿಟಾರು ನುಡಿಸುತ್ತಿದ್ದವರು ಗೌರವ್ ವಾಜ್ ಎಂದು ಆಮೇಲೆ ತಿಳಿದುಕೊಂಡೆ. ನಾಲ್ಕು ವರ್ಷ ಕೇಳಿದ ಹಾಡಿನೊಳಗೆ ಒಬ್ಬ ಮನುಷ್ಯ ಇದ್ದ, ಅವನ ಸುದ್ದಿಯೇ ನನಗೆ ಮುಟ್ಟಿರಲಿಲ್ಲ. ಹೆಡ್‌ಫೋನು ಕೊಳ್ಳಬೇಕು ಎಂದು ನಿಶ್ಚಯ ಮಾಡಿದ್ದು ಆ ರಾತ್ರಿ.

ಮೊಬೈಲಿನ ಸ್ಪೀಕರು ಆ ದನಿಯನ್ನು ಯಾಕೆ ನುಂಗುತ್ತದೆ? ದನಿ ಎಂದರೆ ಗಾಳಿಯ ನಡುಕ. ಒಂದು ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಎನ್ನುವುದೇ ಹರ್ಟ್ಜ್ ಲೆಕ್ಕ. ಇದು ನಮ್ಮ ವಿಜ್ಞಾನ ಪುಸ್ತಕದಲ್ಲೇ ಇದೆ. ಮನುಷ್ಯನ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಜ್‌ವರೆಗೆ ಕೇಳುತ್ತದೆ. ಮಾಮೂಲಿ ಗಿಟಾರಿನ ಎಲ್ಲಕ್ಕಿಂತ ದಪ್ಪ ತಂತಿ ಸುಮಾರು 82 ಹರ್ಟ್ಜ್. ನಾಲ್ಕು ತಂತಿಯ ಬೇಸ್ ಗಿಟಾರಿನ ದಪ್ಪ ತಂತಿ ಅದಕ್ಕಿಂತ ಒಂದು ಸಪ್ತಕ ಕೆಳಗೆ, ಸುಮಾರು 41 ಹರ್ಟ್ಜ್. ಇಷ್ಟು ಕೆಳಗಿನ ದನಿ ಎಬ್ಬಿಸಲು ಬಹಳ ಗಾಳಿಯನ್ನು ಹಿಂದೆ ಮುಂದೆ ನೂಕಬೇಕು. ಮೊಬೈಲಿನ ಬೆರಳುಗುರಿನಷ್ಟು ಸ್ಪೀಕರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಆದರೂ ಮೊಬೈಲಿನಲ್ಲಿ ಅಲ್ಪಸ್ವಲ್ಪ ಬೇಸ್ ಕೇಳಿದಂತೆ ಅನಿಸುತ್ತದಲ್ಲ, ಅದು ನಮ್ಮ ತಲೆಯ ಕೆಲಸ. ಒಂದು ತಂತಿ ಮಿಡಿದಾಗ ಮೂಲ ದನಿಯ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ದನಿಗಳೂ ಹುಟ್ಟುತ್ತವೆ. ಮೇಲಿನವನ್ನು ಕೇಳಿ, ಕೆಳಗಿನದು ಇರಲೇಬೇಕು ಎಂದು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಅಪ್ಪನ ಚಪ್ಪಲಿ ಬಾಗಿಲಲ್ಲಿ ಕಂಡರೆ ಅಪ್ಪ ಮನೆಗೆ ಬಂದಾನೆ ಎಂದು ತಿಳಿದುಕೊಳ್ಳುತ್ತೇವಲ್ಲ, ಹಾಗೆ.

ರೊಕ್ಕದ ವಿಷಯ. ನನ್ನ ಹತ್ತಿರ ಇದ್ದದ್ದು 1,500 ರೂಪಾಯಿ. ನಮ್ಮ ಚಿಗವ್ವ ಖಾನಾವಳಿಗಳಿಗೆ ಕಡಕ್ ರೊಟ್ಟಿ ಮಾಡಿಕೊಡುತ್ತಾಳೆ. ಬೇಸಿಗೆ ರಜೆಯಲ್ಲಿ ಅವಳ ಜೊತೆ ಕೂತು ರೊಟ್ಟಿ ಬಡಿದು ಗಳಿಸಿದ ದುಡ್ಡು ಅದು. ಅಂಗೈ ಉರಿದ ದುಡ್ಡು. ಅದಕ್ಕೇ ಒಂದು ರೂಪಾಯಿಯೂ ಸುಮ್ಮನೆ ಹೋಗಬಾರದು ಎಂದು ಹಟ ಹಿಡಿದಿದ್ದೆ. ದೊಡ್ಡಪ್ಪನ ಮಗ, ಅಂದರೆ ನಮ್ಮ ಅಣ್ಣ, ಡಿಪ್ಲೊಮಾ ಓದುತ್ತಾನೆ. ಅವನನ್ನು ಕರೆದುಕೊಂಡು ಕೊಪ್ಪಿಕರ ರಸ್ತೆಗೆ ಹೋದೆ. ಒಂದಲ್ಲ, ಎರಡಲ್ಲ, ಮೂರು ಅಂಗಡಿ ತಿರುಗಿದೆವು.

ಅಂಗಡಿಯಲ್ಲಿ ಪೆಟ್ಟಿಗೆಗಳನ್ನು ನೋಡಿದರೆ ಎಲ್ಲ ಕಡೆ ಬೇಸ್ ಎಂದೇ ಬರೆದಿದೆ. 2016ರಲ್ಲಿ ಶುರುವಾದ ನಮ್ಮ ದೇಶದ ಬೋಟ್ ಕಂಪನಿ ತನ್ನ ಇಯರ್‌ಫೋನುಗಳಿಗೆ ‘ಬೇಸ್‌ಹೆಡ್ಸ್’ ಎಂದೇ ಹೆಸರಿಟ್ಟಿದೆ. ಸೋನಿಯವರ ಒಂದು ಸಾಲಿಗೆ ‘ಎಕ್ಸ್‌ಟ್ರಾ ಬೇಸ್’ ಎಂಬ ಹೆಸರಿತ್ತು. ಜನಕ್ಕೆ ಬೇಸ್ ಬೇಕು, ಅದನ್ನು ಕಂಪನಿಗಳು ಬಲ್ಲವು. ಪೆಟ್ಟಿಗೆಯ ಹಿಂದೆ ‘20 ಹರ್ಟ್ಜ್‌ನಿಂದ 20,000 ಹರ್ಟ್ಜ್’ ಎಂದು ಅಚ್ಚು ಮಾಡಿರುತ್ತಾರೆ. ಆ ಅಂಕಿಯನ್ನು ನೋಡಿ ಮರುಳಾಗಬೇಡಿರಿ. 20 ಹರ್ಟ್ಜ್ ದನಿ ಬರುತ್ತದೆ ಎನ್ನುವುದು ಒಂದು, ಎಷ್ಟು ಜೋರಾಗಿ ಬರುತ್ತದೆ ಎನ್ನುವುದು ಇನ್ನೊಂದು. ಎರಡನೆಯದನ್ನು ಪೆಟ್ಟಿಗೆ ಹೇಳುವುದಿಲ್ಲ. ಪರೀಕ್ಷೆಗೆ ನಮ್ಮ ಶಾಲೆಯ ಎಲ್ಲರೂ ಕೂತಿದ್ದಾರೆ ಎಂದರೆ ಎಲ್ಲರೂ ಪಾಸಾದರು ಎಂದಾಗುತ್ತದೆಯೇ?

ಮೊದಲ ಅಂಗಡಿಯ ಕಾಕಾ ಒಂದು ಕೆಂಪು ಹೆಡ್‌ಫೋನು ತೆಗೆದು “ತಗೋ ತಂಗಿ, ಇದರ ಬೇಸ್ ಕೇಳಿದ್ರ ತೆಲಿ ಗಿರ್ ಅಂತೈತಿ” ಎಂದು ತಾವೇ ಒಂದು ಡಿಜೆ ಹಾಡು ಹಚ್ಚಿದರು. ಸುಳ್ಳಲ್ಲ, ಗಿರ್ ಅಂತು. ಅಣ್ಣ ಹಾಕಿಕೊಂಡು “ಇದನ್ನ ತಗೋಳೇ, ಭಾರೀ ಐತಿ” ಅಂದ. ನಾನು “ಕಾಕಾರ, ನಮ್ಮ ಹಾಡು ಹಚ್ಚಿ ನೋಡ್ಲೇನ್ರಿ?” ಎಂದು ಅವ್ವನ ಮೊಬೈಲು ಕೊಟ್ಟೆ. ಅದರಲ್ಲಿ ಗುಡುಗುಡಿಯ ಹಾಡು ಹಚ್ಚಿದರೆ ಡ್ರಮ್ಮಿನ ಧಮ್ ಧಮ್ ತುಂಬ ಇದೆ, ಆದರೆ ಬೇಸ್ ಗಿಟಾರು ಮಾತ್ರ ಸಿಗಲೊಲ್ಲದು. ಎಲ್ಲ ಸೇರಿ ಒಂದೇ ಗುಂಯ್! ಮಾಮಾನ ಮನೆಯಲ್ಲಿ ಸಿಕ್ಕ ಆ ಮನುಷ್ಯ ಇಲ್ಲಿ ಮತ್ತೆ ಕಳೆದುಹೋಗಿದ್ದ.

ಇದಕ್ಕೆ ನಮ್ಮ ಊರಿನದೇ ಒಂದು ಅಳತೆಗೋಲು ಇದೆ. ರಂಗಪಂಚಮಿಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಜಗ್ಗಲಗಿ ಬಾರಿಸುವುದನ್ನು ನೀವೆಲ್ಲ ಕೇಳಿದ್ದೀರಿ. ಚಕ್ಕಡಿಯ ಗಾಲಿಗೆ ಎಮ್ಮೆಯ ಚರ್ಮ ಬಿಗಿದು ಮಾಡಿದ ವಾದ್ಯ. ಬಾರಿಸಿದರೆ ದನಿ ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ಅದರ ಜೊತೆಗೆ ಹಲಗಿಯೂ ಇರುತ್ತದೆ, ಚಟಚಟ ಎಂದು. ಚಲೋ ಬಾರಿಸುವ ಮೇಳದ ನಡುವೆ ನಿಂತರೆ ಎಷ್ಟೇ ಗದ್ದಲವಿದ್ದರೂ ಹಲಗಿ ಬೇರೆ, ಜಗ್ಗಲಗಿ ಬೇರೆ ಕೇಳುತ್ತದೆ. ಜಗ್ಗಲಗಿಯ ಪೆಟ್ಟು ಬಿತ್ತು, ಗುಂಯ್ಗುಟ್ಟಿತು, ನಿಂತಿತು, ಮುಂದಿನ ಪೆಟ್ಟಿಗೆ ಜಾಗ ಬಿಟ್ಟಿತು. ಹೆಡ್‌ಫೋನಿನ ಬೇಸ್ ಹೀಗಿರಬೇಕು ಎಂಬುದು ನನ್ನ ಮತ. ಸೋವಿಯ ಎಷ್ಟೋ ಹೆಡ್‌ಫೋನುಗಳಲ್ಲಿ 100ರಿಂದ 250 ಹರ್ಟ್ಜ್‌ವರೆಗಿನ ದನಿಯನ್ನು ಉಬ್ಬಿಸಿ ಇಡುತ್ತಾರೆ. ಕೇಳಿದ ಕೂಡಲೇ ಬೇಸ್ ಎನಿಸುತ್ತದೆ. ಆದರೆ ಅದು ನಿಜವಾದ ತಳವಲ್ಲ, ತಳದ ಮೇಲಿನ ಹೊಟ್ಟೆ. ಆ ಹೊಟ್ಟೆ ಗಿಟಾರಿನ ಮೇಲೂ ಹಾಡುಗಾರರ ದನಿಯ ಮೇಲೂ ಕುಳಿತುಬಿಡುತ್ತದೆ. ಡಿಜೆ ಹಾಡಿಗೆ ಅದು ನಡೆದೀತು, ಅಲ್ಲಿ ಬೇಸ್ ಎಂದರೆ ಬಹುಮಟ್ಟಿಗೆ ಒಂದೇ ಗುದ್ದು. ರಾಕಿನಲ್ಲಿ ಬೇಸ್ ಗಿಟಾರು ತನ್ನದೇ ಒಂದು ಸಾಲು ಹಾಡುತ್ತ ಹೋಗುತ್ತದೆ. ತಬಲಾದ ಡಗ್ಗಾ ಬರೇ ಢಬ್ ಅನ್ನುವುದಿಲ್ಲ, ಅಂಗೈ ಒತ್ತಿ ಎಳೆದಾಗ ‘ಗೂಂವ್’ ಎಂದು ಮಾತಾಡುತ್ತದಲ್ಲ, ಆ ಮಾತು ಕೇಳಬೇಕು.

ಎರಡನೆಯ ಅಂಗಡಿಗೆ ಹೋಗುವಾಗ ನಾಲ್ಕು ಹಾಡು ಗುರುತು ಮಾಡಿಟ್ಟುಕೊಂಡೆ. ಹೆಡ್‌ಫೋನು ಕೊಳ್ಳುವವರಿಗೆ ಬೇಕಾದರೆ ಇವನ್ನೇ ಬಳಸಬಹುದು. ಒಂದು, ನಮ್ಮ ಗುಡುಗುಡಿ. ಎರಡನೆಯದು 1980ರ ಕ್ವೀನ್ ತಂಡದ ‘ಅನದರ್ ಒನ್ ಬೈಟ್ಸ್ ದ ಡಸ್ಟ್’. ಇದರ ಬೇಸ್ ಸಾಲು ಜಾನ್ ಡೀಕನ್ ಅವರದು. ಡ್ರಮ್ಮಿನ ಪೆಟ್ಟು ಮತ್ತು ಬೇಸ್ ತಂತಿ ಒಂದರ ಮೇಲೊಂದು ಬೀಳುತ್ತವೆ, ಹೆಡ್‌ಫೋನು ಮಂದವಾಗಿದ್ದರೆ ಎರಡೂ ಅಂಟಿಕೊಂಡು ಒಂದೇ ಆಗುತ್ತವೆ. ಮೂರನೆಯದು ಪಿಂಕ್ ಫ್ಲಾಯ್ಡ್‌ನವರ 1973ರ ‘ಮನಿ’. ನಮ್ಮ ಕಡೆಯ ಮನಿ ಅಲ್ಲ, ರೊಕ್ಕ ಎಂದು ಅರ್ಥ. ಇದರಲ್ಲಿ ಒಂದು ಮೋಜು ಇದೆ. ಬೇಸ್ ಗಿಟಾರು ಏಳು ಮಾತ್ರೆಗೆ ಒಂದು ಸುತ್ತು ಹಾಕುತ್ತದೆ. ನಮ್ಮ ತಬಲಾ ಕ್ಲಾಸಿನ ರೂಪಕ ತಾಳವೂ ಏಳೇ ಮಾತ್ರೆ! ನಡುವೆ ಗಿಟಾರು ಒಂಟಿಯಾಗಿ ನುಡಿಸುವಾಗ ನಾಲ್ಕಕ್ಕೆ ಹೊರಳುತ್ತದೆ, ಆಮೇಲೆ ಮತ್ತೆ ಏಳಕ್ಕೆ ಬರುತ್ತದೆ. ಚಲೋ ಹೆಡ್‌ಫೋನಿನಲ್ಲಿ ಬರೇ ಬೇಸ್ ಹಿಡಿದುಕೊಂಡು ಬೆರಳೆಣಿಸಿ ಏಳು ಮುಗಿಸಬಹುದು. ಆ ಕೆಂಪು ಹೆಡ್‌ಫೋನಿನಲ್ಲಿ ಐದಕ್ಕೇ ಎಣಿಕೆ ತಪ್ಪುತ್ತಿತ್ತು. ನಾಲ್ಕನೆಯದು ವೈಟ್ ಸ್ಟ್ರೈಪ್ಸ್ ತಂಡದ 2003ರ ‘ಸೆವೆನ್ ನೇಷನ್ ಆರ್ಮಿ’. ಆರಂಭದಲ್ಲಿ ಬರುವ ಆ ಪ್ರಸಿದ್ಧ ಸಾಲು ಬೇಸ್ ಗಿಟಾರಿನದೇ ಎಂದು ಎಲ್ಲರೂ ತಿಳಿಯುತ್ತಾರೆ. ಆ ತಂಡದಲ್ಲಿ ಬೇಸ್ ಗಿಟಾರೇ ಇರಲಿಲ್ಲ. ಇದ್ದವರು ಇಬ್ಬರೇ. ಜ್ಯಾಕ್ ವೈಟ್ ಮಾಮೂಲಿ ಗಿಟಾರಿನ ದನಿಯನ್ನೇ ಕಾಲಿನಿಂದ ಒತ್ತುವ ಒಂದು ಯಂತ್ರದಿಂದ ಒಂದು ಸಪ್ತಕ ಕೆಳಗೆ ಇಳಿಸಿದ್ದರು. ಸೋಗು ಹಾಕಿದ ಬೇಸ್. ನಮ್ಮ ದೊಡ್ಡಾಟದ ರಾಕ್ಷಸನ ಹಾಗೆ, ಸೋಗು ಎಂದು ಗೊತ್ತಿದ್ದರೂ ಮೈ ಝುಂ ಅನ್ನುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಯಾವ ಅಂಗಡಿಯವರೂ ಹೇಳಲಿಲ್ಲ. 41 ಹರ್ಟ್ಜ್ ದನಿಯ ಒಂದು ಅಲೆಯ ಉದ್ದ ಎಷ್ಟು? ಗಾಳಿಯಲ್ಲಿ ದನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಭಾಗಿಸಿ ನೋಡಿರಿ, ಎಂಟು ಮೀಟರಿಗೂ ಹೆಚ್ಚು ಬರುತ್ತದೆ. ನಮ್ಮ ತರಗತಿಯ ಕೋಣೆಗಿಂತ ಉದ್ದ! ಇಷ್ಟುದ್ದದ ಅಲೆ ಕಿವಿಯ ಮೇಲಿನ ಒಂದು ಬಟ್ಟಲಿನೊಳಗೆ ಹೇಗೆ ಹಿಡಿಸುತ್ತದೆ? ಹಿಡಿಸಬೇಕಾಗಿಲ್ಲ. ಹೆಡ್‌ಫೋನು ಕೋಣೆಯನ್ನು ತುಂಬಬೇಕಾಗಿಲ್ಲ, ಬಟ್ಟಲಿನೊಳಗಿನ ಚೂರು ಗಾಳಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಸಾಕು. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ, ಬೆರಳಿಗೆ ಒತ್ತಡ ಹತ್ತುತ್ತದೆ. ಬೆರಳನ್ನು ಚೂರು ಸರಿಸಿರಿ, ಪುಸ್ ಎಂದು ಗಾಳಿ ಹೋಗಿ ಒತ್ತಡವೇ ಇಲ್ಲ. ಹೆಡ್‌ಫೋನಿನ ಬೇಸ್ ಕೂಡ ಹೀಗೆಯೇ. ಸುತ್ತಲಿನ ಮೆತ್ತೆ ಕಿವಿಯ ಸುತ್ತ ಬಿಗಿಯಾಗಿ ಕೂತರೆ ಬೇಸ್ ಇರುತ್ತದೆ, ಸಂದು ಬಿದ್ದರೆ ಮೊದಲು ಸೋರಿ ಹೋಗುವುದೇ ಬೇಸ್.

ಇದು ಗೊತ್ತಾದ ಮೇಲೆ ಎರಡನೆಯ ಅಂಗಡಿಯಲ್ಲಿ ನನಗೆ ನಗು ಬಂತು. ಅಣ್ಣ ಒಂದು ಹೆಡ್‌ಫೋನು ಹಾಕಿಕೊಂಡು “ಬೇಸ್ ಭಾರೀ” ಅನ್ನುತ್ತಾನೆ, ಅದನ್ನೇ ನಾನು ಹಾಕಿಕೊಂಡರೆ ಬೇಸೇ ಇಲ್ಲ. ಕಾರಣ ಹೆಡ್‌ಫೋನಿನಲ್ಲಿಲ್ಲ, ನನ್ನ ತಲೆಯಲ್ಲಿದೆ! ಎರಡು ಜಡೆ, ಕಿವಿಯಲ್ಲಿ ಬೆಂಡೋಲಿ, ಮೂಗಿನ ಮೇಲೆ ಚಾಳೀಸು. ಚಾಳೀಸಿನ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿಯುತ್ತದೆ, ಬೆಂಡೋಲಿ ಚುಚ್ಚುತ್ತದೆ, ಜಡೆಯ ಬುಡ ಇನ್ನೊಂದು ಸಂದು ಮಾಡುತ್ತದೆ. ಎರಡೂ ಕೈಯಿಂದ ಬಟ್ಟಲುಗಳನ್ನು ಮೆಲ್ಲಗೆ ಒತ್ತಿ ಹಿಡಿದರೆ ಬೇಸ್ ಒಮ್ಮೆಲೇ ತುಂಬಿಕೊಂಡಿತು. ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಇದೇ: ಒತ್ತಿದಾಗ ಬೇಸ್ ಬಹಳ ಹೆಚ್ಚಾದರೆ ಆ ಹೆಡ್‌ಫೋನು ನಿಮ್ಮ ತಲೆಗೆ ಸರಿಯಾಗಿ ಕೂತಿಲ್ಲ. ಅದು ಬೇರೆಯವರಿಗೆ ಬಂಗಾರವಿರಬಹುದು, ನಿಮಗಲ್ಲ. ಕಿವಿಯೊಳಗೆ ತುರುಕುವ ಇಯರ್‌ಫೋನು ಕೊಂಡವರಿಗೂ ಒಂದು ಮಾತು. ಅದರ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಣ್ಣ, ನಡುವಿನ, ದೊಡ್ಡ ಎಂದು ಮೂರು ಜೋಡಿ ರಬ್ಬರಿನ ಟೋಪಿ ಇರುತ್ತವೆ. ನಮ್ಮ ತರಗತಿಯಲ್ಲಿ ವಿಚಾರಿಸಿದೆ, ಬಹಳ ಮಂದಿ ಮೊದಲೇ ಹಾಕಿದ್ದ ಜೋಡಿಯನ್ನು ಬದಲಿಸಿಯೇ ಇಲ್ಲ. ಹೊಸದು ಕೊಳ್ಳುವ ಮೊದಲು ಆ ಟೋಪಿ ಬದಲಿಸಿ ನೋಡಿರಿ. ಪುಕ್ಕಟೆ ಬೇಸ್ ಸಿಕ್ಕೀತು.

ಬಟ್ಟಲಿನ ಹಿಂಬದಿ ಮುಚ್ಚಿದ್ದು, ತೆರೆದದ್ದು ಎಂದು ಎರಡು ಜಾತಿ. ತೆರೆದದ್ದರಲ್ಲಿ ದನಿ ಹಗುರಾಗಿ, ಬಯಲಲ್ಲಿ ಕೂತು ಕೇಳಿದಂತೆ ಇರುತ್ತದೆ ಅಂತೆ, ಆದರೆ ಹೊರಗಿನ ಗದ್ದಲ ಎಲ್ಲ ಒಳಗೆ ಬರುತ್ತದೆ. ನಮ್ಮ ಮನೆಯಲ್ಲಿ ಟಿವಿ, ಕುಕ್ಕರು, ತಮ್ಮ. ನನಗೆ ಮುಚ್ಚಿದ್ದೇ ಬೇಕಿತ್ತು. ಬ್ಲೂಟೂತೋ ವೈರಿನದೋ ಎಂಬ ಚರ್ಚೆಯನ್ನು ಅಣ್ಣನ ಜೊತೆ ಎರಡು ನಿಮಿಷದಲ್ಲಿ ಮುಗಿಸಿದೆ: ಅದೇ ಬೆಲೆಯಲ್ಲಿ ವೈರಿನದಾದರೆ ಬ್ಯಾಟರಿಗೆ ಹೋಗುವ ರೊಕ್ಕ ದನಿಗೆ ಹೋಗುತ್ತದೆ, ಚಾರ್ಜೂ ಬೇಡ.

ಈಗ ನಮ್ಮ ಅಜ್ಜನ ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಅಜ್ಜನನ್ನೇ ಕೇಳಿದೆ, ಬರೀ ಅಂದ. ಅಜ್ಜ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ನಮ್ಮದೇ ಹಿಟ್ಟಿನ ಗಿರಣಿ ನಡೆಸಿದ. ಮುಂಜಾನೆಯಿಂದ ಸಂಜೆವರೆಗೆ ಕಲ್ಲಿನ, ಪಟ್ಟಾದ ಸಪ್ಪಳದ ನಡುವೆ. ಕಿವಿಗೆ ಹತ್ತಿ ಕೂಡ ಇಟ್ಟವನಲ್ಲ, ಆಗ ಯಾರೂ ಇಡುತ್ತಿರಲಿಲ್ಲ. ಈಗ ಅವನಿಗೆ ಕಿವಿ ಕೇಳುವುದಿಲ್ಲ ಎಂದು ಜನ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. “ಅಜ್ಜಾ, ಸಂತಿಗೆ ಹೋಗೂಣೇನು?” ಎಂದು ನಾನು ಕೇಳಿದರೆ ‘ಅಂತಿ’ ಎಂದು ಕೇಳಿಸಿ “ಏನ್ ಅಂತಿ?” ಎಂದು ತಿರುಗಿ ಕೇಳುತ್ತಾನೆ. ನಾವೆಲ್ಲ ನಗುತ್ತೇವೆ, ಅವನೂ ನಗುತ್ತಾನೆ. ಆದರೆ ಇತ್ತೀಚೆಗೆ ಅವನು ಮಂದಿಯ ನಡುವೆ ಕೂಡುವುದನ್ನೇ ಕಡಿಮೆ ಮಾಡಿದ್ದಾನೆ.

ಯಾಕೆ ಹೀಗೆ ಎಂದು ವಿಜ್ಞಾನದ ಗುರುಗಳನ್ನು ಕೇಳಿದೆ. ಅವರು ಬಿಡಿಸಿ ಹೇಳಿದರು. ಒಳಗಿವಿಯಲ್ಲಿ ಕೂದಲಿನಂಥ ಸೂಕ್ಷ್ಮ ಜೀವಕೋಶಗಳಿವೆ. ಬಹಳ ಕಾಲದ ದೊಡ್ಡ ಸಪ್ಪಳಕ್ಕೆ ಅವು ಸಾಯುತ್ತವೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಪ್ಪಳದ ಏಟು ಮೊದಲು ತಾಗುವುದು 4,000 ಹರ್ಟ್ಜ್‌ನ ಸುತ್ತಮುತ್ತಲಿನ ಮೇಲಿನ ದನಿಗಳಿಗೆ. ಸ, ಶ ಮೊದಲಾದ ಅಕ್ಷರಗಳ ಗುರುತು ಇರುವುದೇ ಆ ಮೇಲಿನ ದನಿಗಳಲ್ಲಿ. ಹೀಗಾಗಿ ಸಂತಿ ಅಂತಿ ಆಗುತ್ತದೆ. ಕೆಳಗಿನ ದನಿ, ಅಂದರೆ ನಾವು ಇಷ್ಟು ಹೊತ್ತು ಮಾತಾಡಿದ ಬೇಸ್, ಬಹಳ ಕಾಲ ಉಳಿಯುತ್ತದೆ. ರಂಗಪಂಚಮಿಯ ಜಗ್ಗಲಗಿ ಅಜ್ಜನಿಗೆ ಈಗಲೂ ಕೇಳುತ್ತದೆ.

ಹೆಡ್‌ಫೋನಿಗೂ ಇದಕ್ಕೂ ಏನು ಸಂಬಂಧ ಎಂದರೆ, ಬಹಳ ಹತ್ತಿರದ ಸಂಬಂಧ. ಮನುಷ್ಯನ ಕಿವಿ ಕೆಳಗಿನ ದನಿಗೆ ಮಂದ. ಸಣ್ಣ ವಾಲ್ಯೂಮಿನಲ್ಲಿ ಹಾಡು ಹಚ್ಚಿದರೆ ಮೊದಲು ಮಾಯವಾಗುವುದು ಬೇಸ್. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಇದನ್ನು ಅಳೆದು ಗೆರೆ ಹಾಕಿ ತೋರಿಸಿದ್ದರು. ಅದಕ್ಕೇ ಬೇಸ್ ಸಾಲದು ಅನಿಸಿದಾಗ ನಮ್ಮ ಕೈ ತಾನಾಗಿಯೇ ವಾಲ್ಯೂಮಿನ ಮೇಲೆ ಹೋಗುತ್ತದೆ. ಬೇಸ್ ಸಿಗಲಿ ಎಂದು ಏರಿಸುತ್ತೇವೆ, ಜೊತೆಗೆ ಸಿಂಬಲ್ಲು, ಗಿಟಾರು, ಎಲ್ಲವೂ ಏರುತ್ತವೆ, ಏಟು ಬೀಳುವುದು ಆ ಮೇಲಿನ ಕೋಶಗಳಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ದನಿಯನ್ನು ವಾರಕ್ಕೆ 40 ತಾಸು ಕೇಳಬಹುದು. 90 ಡೆಸಿಬಲ್ ಆದರೆ ವಾರಕ್ಕೆ ಬರೇ 4 ತಾಸು. ಹತ್ತು ಡೆಸಿಬಲ್ ಏರಿದರೆ ಹತ್ತು ಪಟ್ಟು ಕಡಿತ. ಮಕ್ಕಳಿಗೆ ಇನ್ನೂ ಕಡಿಮೆ, 75 ಡೆಸಿಬಲ್ಲಿಗೆ 40 ತಾಸು ಎಂದು ಲೆಕ್ಕ. ಬಸ್ಸಿನಲ್ಲಿ ಪಕ್ಕದವನ ಇಯರ್‌ಫೋನಿನ ಹಾಡು ನಿಮಗೆ ಕೇಳುತ್ತಿದ್ದರೆ ಅವನ ಕಿವಿಯೊಳಗೆ ಗಿರಣಿ ನಡೆದಿದೆ ಎಂದೇ ನನಗೆ ಅನಿಸುತ್ತದೆ.

ಹಾಗಾದರೆ ಚಲೋ ಬೇಸಿನ ಹೆಡ್‌ಫೋನು ಎಂದರೆ ಯಾವುದು? ಕಡಿಮೆ ವಾಲ್ಯೂಮಿನಲ್ಲೂ ಬೇಸ್ ಗಿಟಾರು ಸಿಗುವುದು. ಇದಕ್ಕೆ ಎರಡು ಬೇಕು. ಒಂದು ಬಿಗಿಯಾದ ಮೆತ್ತೆ: ಬೇಸ್ ಸೋರುವುದಿಲ್ಲ, ಹೊರಗಿನ ಗದ್ದಲವೂ ಕಡಿಮೆಯಾಗುವುದರಿಂದ ಏರಿಸುವ ಅಗತ್ಯ ಬೀಳುವುದಿಲ್ಲ. ಎರಡು, ಹೊಟ್ಟೆ ಇಲ್ಲದ ಬೇಸ್. ಕೆಳಗಿನ ದನಿ ಅತಿಯಾದರೆ ಮೇಲಿನ ದನಿಯನ್ನು ಮುಚ್ಚಿಹಾಕುತ್ತದೆ. ಆ ಕೆಂಪು ಹೆಡ್‌ಫೋನಿನಲ್ಲಿ ಶರೀಫಜ್ಜನ ಮಾತು ತಿಳಿಯಬೇಕೆಂದರೆ ವಾಲ್ಯೂಮನ್ನು ಮುಕ್ಕಾಲು ದಾಟಿಸಬೇಕಿತ್ತು. ಮೂರನೆಯ ಅಂಗಡಿಯಲ್ಲಿ ಸಿಕ್ಕಿದ್ದರಲ್ಲಿ ಅರ್ಧಕ್ಕೇ ಮಾತೂ ತಿಳಿಯಿತು, ಬೇಸ್ ಸಾಲೂ ಸಿಕ್ಕಿತು, ‘ಮನಿ’ಯ ಏಳೂ ಎಣಿಕೆಗೆ ಬಂದವು. ಕಿವಿಯನ್ನು ಪೂರ್ತಿ ಸುತ್ತುವ ಬಟ್ಟಲು, ಮುಚ್ಚಿದ ಬೆನ್ನು, 40 ಮಿಲಿಮೀಟರ್ ಅಗಲದ ಸ್ಪೀಕರು, ವೈರಿನದು. ಬೆಲೆ 1,350 ರೂಪಾಯಿ. ಕಂಪನಿಯ ಹೆಸರು ಬರೆಯುವುದಿಲ್ಲ, ಗೋಡೆ ಪತ್ರಿಕೆ ಜಾಹೀರಾತು ಆಗಬಾರದು ಎಂದು ಗುರುಗಳು ಹೇಳಿದ್ದಾರೆ. ಅಲ್ಲದೆ ನಿಮ್ಮ ತಲೆ ಬೇರೆ, ನನ್ನ ತಲೆ ಬೇರೆ. ಅಣ್ಣ ಮಾತ್ರ ದಾರಿಯುದ್ದಕ್ಕೂ “ಗಿರ್ ಅನ್ನೂದ ಬಿಟ್ಟು ಇದನ್ಯಾಕ ತಗೊಂಡಿ” ಎಂದು ಗೊಣಗಿದ. ಅವನ ಹಾಡು ಬೇರೆ, ಅವನಿಗೆ ಅದೇ ಸರಿಯಿರಬಹುದು.

ಒಂದನ್ನು ಒಪ್ಪಬೇಕು. ಯಾವ ಹೆಡ್‌ಫೋನೂ ಜಗ್ಗಲಗಿಯ ಹಾಗೆ ಎದೆಗೆ ಬಡಿಯುವುದಿಲ್ಲ. ಆ ದನಿ ಮೈಯನ್ನೆಲ್ಲ ನಡುಗಿಸುತ್ತದೆ, ಹೆಡ್‌ಫೋನು ಮುಟ್ಟುವುದು ಎರಡು ಕಿವಿಯನ್ನು ಮಾತ್ರ. ಆ ಬಡಿತವನ್ನು ವಾಲ್ಯೂಮಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದು ಬೇಕಾದವರು ರಂಗಪಂಚಮಿವರೆಗೆ ಕಾಯಬೇಕು.

ಹೆಡ್‌ಫೋನು ತಂದು ಎರಡು ದಿನದ ಮೇಲೆ ಅಜ್ಜ ಹೊರಸಿನ ಮೇಲೆ ಕೂತಿದ್ದ. ಅವನ ಟೋಪಿ ತೆಗೆದು ತಲೆಗೆ ಇದನ್ನು ಹಾಕಿದೆ. “ನನಗ್ಯಾಕ ಬೇ ಇದು” ಅಂದ. ಡಾಕ್ಟರು ಕೊಟ್ಟ ಕಿವಿಯ ಮಷೀನನ್ನೇ ಹಾಕಿಕೊಳ್ಳದೆ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುವ ಮನುಷ್ಯ. ಗುಡುಗುಡಿಯ ಹಾಡು ಹಚ್ಚಿದೆ, ನಾನು ಕೇಳುವಷ್ಟೇ ವಾಲ್ಯೂಮಿನಲ್ಲಿ. ಸ್ವಲ್ಪ ಹೊತ್ತು ಸುಮ್ಮನೆ ನನ್ನ ಮುಖ ನೋಡಿದ. ಆಮೇಲೆ ಅವನ ಬೆರಳು ಹೊರಸಿನ ಪಟ್ಟಿಯ ಮೇಲೆ ಬಡಿಯಲು ಶುರುವಾಯಿತು. ಹಾಡಿನ ಮಾತಿಗಲ್ಲ, ಡ್ರಮ್ಮಿಗೂ ಅಲ್ಲ. ನನಗೆ ಆ ಬೇಸ್ ಸಾಲು ಬಾಯಿಪಾಠ, ಅದಕ್ಕೇ ಗೊತ್ತಾಯಿತು. ಬೆರಳು ಅದರ ಜೊತೆಗೇ ನಡೆದಿತ್ತು.

“ಯಾವನೋ ಕೆಳಗ ನಡದಾನ” ಅಂದ ಅಜ್ಜ, ದೊಡ್ಡ ದನಿಯಲ್ಲಿ.

ಹಾಡು ಮುಗಿದ ಮೇಲೆ “ಇದು ಶರೀಫಜ್ಜನ ಪದ” ಎಂದು ಅವನ ಮುಂದೆ ಕೂತು, ತುಟಿ ಕಾಣುವ ಹಾಗೆ ನಿಧಾನಕ್ಕೆ ಹೇಳಿದೆ. “ಹೌದೇನು? ಪದ ತಿಳೀಲಿಲ್ಲ ಬಿಡು, ನಡಿಗಿ ತಿಳೀತು” ಅಂದ. ಈಗ ದಿನಾ ಸಂಜೆ ಒಂದು ಹಾಡು ಅವನ ಪಾಲು. ಮಷೀನು ಹಾಕಿಕೊಂಡರೆ ಪದವೂ ತಿಳಿದೀತು ಎಂದು ಆಯಿ ಕಿಸೆಯ ಕಡೆ ಬೆರಳು ತೋರಿಸಿ ಬೈಯುತ್ತಾಳೆ. ಹೋದ ವಾರ ಎರಡು ಸಲ ಹಾಕಿಕೊಂಡಿದ್ದ.

ಮುಂದಿನ ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ, ಗುರುಗಳ ಅಪ್ಪಣೆ ಪಡೆದು, ಕಂಪ್ಯೂಟರ್ ಕೋಣೆಯಲ್ಲಿ ಈ ಹೆಡ್‌ಫೋನು ಇಡುತ್ತೇನೆ. ನಾಲ್ಕೂ ಹಾಡು ಪೆನ್‌ಡ್ರೈವಿನಲ್ಲಿವೆ. ನಿಮ್ಮ ನಿಮ್ಮ ಇಯರ್‌ಫೋನನ್ನೂ ತರ್ರಿ, ಮೂರು ಜೋಡಿ ಟೋಪಿ ಸಮೇತ. ಬೆಂಡೋಲಿ ಹಾಕಿದವರು ತೆಗೆದು ಬರ್ರಿ. ಯಾರ ಮನೆಯಲ್ಲಾದರೂ ಜಗ್ಗಲಗಿಯ ರೆಕಾರ್ಡಿಂಗ್ ಇದ್ದರೆ ಅದನ್ನೂ ತರ್ರಿ, ಹೆಂಗ ಕೇಳಸ್ತೈತಿ ನೋಡೂಣು.

— ಹತ್ತನೇ ತರಗತಿಯ ವಿದ್ಯಾರ್ಥಿನಿ, ‘ಬ’ ವಿಭಾಗ